ಹೊಗಳಿ ಕೊಂಡ ದೋಣಿ

ಕೆಜಿಎಫ್‌ನಲ್ಲಿ ಕೂತುಕೊಂಡು ದೊಡ್ಡ ದೋಣಿ ಕೊಳ್ಳುತ್ತೇನೆ ಅಂದರೆ ಯಾರು ತಾನೇ ನಗುವುದಿಲ್ಲ? ಊರಿಗಾಂನ ನಮ್ಮ ಬೀದಿಯಲ್ಲಿ ಎಲ್ಲರೂ ನಕ್ಕರು. ಎದುರುಮನೆಯಾಕೆಯಂತೂ, ಅಷ್ಟು ದೂರ ಯಾಕೆ ಹೋಗುತ್ತೀರಿ, ಚಾಂಪಿಯನ್ ರೀಫ್ಸ್‌ನ ಹಳೇ ಗಣಿಯೊಳಗೆ ಬೇಕಾದಷ್ಟು ನೀರು ನಿಂತಿದೆ, ಅದರೊಳಕ್ಕೇ ಇಳಿಸಿಕೊಳ್ಳಿ ಅಂತ ತಮಿಳಿನಲ್ಲಿ ಹಂಗಿಸಿದಳು. ನಗಲಿ ಬಿಡಿ. ಇವತ್ತು ಆ ದೋಣಿ ಕಾರವಾರದ ಹತ್ತಿರ ಕಾಳಿ ಹೊಳೆಯಲ್ಲಿ ಲಂಗರು ಹಾಕಿಕೊಂಡು ನಿಂತಿದೆ, ಅದರ ಬೀಗದ ಕೈ ನನ್ನ ಸೊಂಟದಲ್ಲಿದೆ. ನಮ್ಮನ್ನು ಯಾವಾಗ ಕರೆದುಕೊಂಡು ಹೋಗುತ್ತೀರಿ ಅಂತ ಅದೇ ಎದುರುಮನೆಯಾಕೆ ಈಗ ದಿನಾ ಕೇಳುತ್ತಾಳೆ. ನೋಡೋಣ ಅನ್ನುತ್ತೇನೆ.

ನಮ್ಮ ಮನೆಯವರು ಹುಟ್ಟಿದ್ದು ಕಾರವಾರದ ಕಡೆ, ಸಮುದ್ರದ ದಂಡೆಯ ಮೇಲೆ. ಮೀಸೆ ಸರಿಯಾಗಿ ಬಲಿಯುವುದಕ್ಕೆ ಮುಂಚೆ ಇಲ್ಲಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ಹೊಳೆ ಕೂಡ ಇಲ್ಲದ ಈ ಕೆಂಪು ನೆಲಕ್ಕೆ ಬಂದರು. ನಾನು ಬೂದಿಕೋಟೆ ಹೋಬಳಿಯವಳು, ಹಸು ಕಟ್ಟಿದ ಮನೆಯಲ್ಲಿ ಬೆಳೆದವಳು. ಬಂಗಾರಪೇಟೆಯ ರೈಲಿನಲ್ಲಿ ಪರಿಚಯವಾಗಿ, ಎರಡೂ ಮನೆಯವರನ್ನು ಒಪ್ಪಿಸಿ ಮದುವೆಯಾದೆವು. ಅದು ಬೇರೆಯೇ ರಾಮಾಯಣ, ಇಲ್ಲಿ ಬೇಡ. ಹೇಳಬೇಕಾದದ್ದು ಇಷ್ಟೇ: ಅವರು ಆರಡಿಗೂ ಮೇಲೆ ಎತ್ತರ, ಮತ್ತು ಸಮುದ್ರವಿಲ್ಲದೆ ಬದುಕಲಾರದ ಮನುಷ್ಯ.

ಕಾರ್ಖಾನೆಯಲ್ಲಿ ಅವರ ಕೆಲಸ ಮಣ್ಣು ತೋಡುವ ದೊಡ್ಡ ಯಂತ್ರಗಳ ಹೊಟ್ಟೆಯ ಕೆಳಗೆ. ವರ್ಷಗಟ್ಟಲೆ ಬಗ್ಗಿ, ಅಂಗಾತ ಮಲಗಿ, ತೆವಳಿ ದುಡಿದರು. ರಜೆ ಸಿಕ್ಕಿತೋ ಇಬ್ಬರೂ ಕಾರವಾರಕ್ಕೆ ಓಟ. ಅಲ್ಲಿ ನಮಗೊಂದು ಪುಟ್ಟ ಹಾಯಿದೋಣಿ ಇತ್ತು. ಹೆಸರಿಗೆ ಅದಕ್ಕೊಂದು ಕ್ಯಾಬಿನ್, ಒಳಗೆ ಎರಡು ಹಲಗೆ, ಒಂದು ಸ್ಟವ್. ಕೋಳಿಗೂಡಿಗೆ ನುಗ್ಗುವ ಹಾಗೆ ತಲೆ ಬಗ್ಗಿಸಿಕೊಂಡು ನುಗ್ಗಬೇಕು. ದಂಡೆಯುದ್ದಕ್ಕೂ ಹೋಗುತ್ತಿದ್ದೆವು, ಯಾವುದೋ ಹೊಳೆಯ ಬಾಯಲ್ಲಿ ನಿಲ್ಲಿಸಿ ಮೀನು ಬೇಯಿಸಿ ತಿಂದು ಮಲಗುತ್ತಿದ್ದೆವು. ಮೊದಲ ಸಲ ಕರುಳೆಲ್ಲ ಬಾಯಿಗೆ ಬರುವ ಹಾಗೆ ವಾಂತಿ ಮಾಡಿಕೊಂಡವಳು ನಾನು. ಆಮೇಲೆ ಅವರಿಗಿಂತ ಚೆನ್ನಾಗಿ ಹಗ್ಗ ಎಳೆಯುವುದನ್ನು ಕಲಿತೆ. ಇದನ್ನು ಅವರೂ ಒಪ್ಪುತ್ತಾರೆ.

ನಿವೃತ್ತಿಯಾದ ಮೇಲೆ ವರ್ಷಕ್ಕೆ ಆರು ತಿಂಗಳು ಅಲ್ಲೇ ಇರೋಣ ಅಂದುಕೊಂಡಿದ್ದೆವು. ಆದರೆ ಬೆನ್ನು ಕೈಕೊಟ್ಟಿತು. ಒಂದು ಬೆಳಿಗ್ಗೆ ದೋಣಿಯ ಗೂಡಿನೊಳಗೆ ಸ್ಟವ್ ಹಚ್ಚಲು ಬಗ್ಗಿದವರು ಮೇಲೇಳಲೇ ಇಲ್ಲ. ಪಕ್ಕದ ದೋಣಿಯ ಮೀನುಗಾರರು ಬಂದು ಕಂಕುಳಿಗೆ ಕೈಹಾಕಿ ಹೊರಗೆಳೆದರು. ಡಾಕ್ಟರು ನಡೆಯಿರಿ, ನಿಲ್ಲಿ, ಬೇಕಾದರೆ ಈಜಿ, ಆದರೆ ಬಗ್ಗಿಕೊಂಡು ಇರಬೇಡಿ ಅಂದುಬಿಟ್ಟರು. ಆ ದೋಣಿಯಲ್ಲಿ ಬಗ್ಗದೆ ಮಾಡುವ ಕೆಲಸ ಒಂದೂ ಇರಲಿಲ್ಲ.

ಊರಿಗೆ ಬಂದ ಮೇಲೆ ಅವರು ಹೇಳಿದ್ದು ಒಂದೇ ಮಾತು: "ಸಾಕು ಮಾರಾಯ್ತಿ, ದೋಣಿ ಕೊಟ್ಟುಬಿಡುವ." ಆಮೇಲೆ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತವರು ಕೂತೇಬಿಟ್ಟರು. ಗಾಳಿ ಎದ್ದಾಗ, ಗಣಿಯ ಪುಡಿಮಣ್ಣು ಸುರಿದು ಎದ್ದ ಸಯನೈಡ್ ದಿಬ್ಬದ ಧೂಳು ಹಾರಿ ಬೀದಿಯಲ್ಲೆಲ್ಲ ಬೆಳ್ಳಗೆ ಕೂರುತ್ತದೆ. ಎಲ್ಲರೂ ಕಿಟಕಿ ಮುಚ್ಚಿ ಒಳಗೆ ಹೋದರೆ ಇವರು ಮಾತ್ರ ಗಾಳಿ ಯಾವ ಕಡೆಯಿಂದ ಬರುತ್ತಿದೆ ಅಂತ ನೋಡುತ್ತಾ ಕೂತಿರುತ್ತಿದ್ದರು. ಅದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಜಗಳ ಆಡುವ ಗಂಡನನ್ನು ಸಂಭಾಳಿಸಬಹುದು, ಸುಮ್ಮನೆ ಕೂತ ಗಂಡನನ್ನು ಏನು ಮಾಡುವುದು? ಈ ಮನುಷ್ಯ ನೆಟ್ಟಗೆ ನಿಲ್ಲುವಂಥ ದೋಣಿ ಹುಡುಕಿಯೇ ತೀರುತ್ತೇನೆ ಅಂತ ಹಟ ಹಿಡಿದೆ.

ಮಾರಾಟಕ್ಕಿದ್ದ ಹಳೇ ದೋಣಿಗಳನ್ನು ಫೋನಿನಲ್ಲಿ ಹುಡುಕಿದೆ. ಗೋವಾಕ್ಕೆ ಹೋದೆವು, ಮುಂಬೈಗೆ ಹೋದೆವು. ಹೋದ ಕಡೆಯಲ್ಲೆಲ್ಲ ಒಂದೇ ಪಾಡು. ಹೊರಗಿನಿಂದ ಅರಮನೆ, ಒಳಗೆ ಇಳಿದರೆ ಇವರ ಕುತ್ತಿಗೆ ಪಕ್ಕಕ್ಕೆ ವಾಲುತ್ತಿತ್ತು. ದೋಣಿ ಮಾಡುವವರೆಲ್ಲ ಕುಳ್ಳರೇ ಇರಬೇಕು ಅಂತ ಶಾಪ ಹಾಕಿದೆ. ಕೊನೆಗೆ ಕೊಚ್ಚಿಯಲ್ಲಿ ಒಂದಿದೆ ಅಂತ ಗೊತ್ತಾಯಿತು. ಹಡಗಿನ ಇಂಜಿನಿಯರ್ ಆಗಿದ್ದ ಒಬ್ಬ ಮುದುಕರು ಇಪ್ಪತ್ತು ವರ್ಷ ಓಡಿಸಿದ್ದ ಹಾಯಿದೋಣಿ. ಕಣ್ಣು ಮಂಜಾಗಿದ್ದರಿಂದ ಮಾರಲು ಹೊರಟಿದ್ದರು.

ಇಲ್ಲಿ ನಮ್ಮಣ್ಣನ ವಿಷಯ ಹೇಳಬೇಕು. ಅವನು ಬೂದಿಕೋಟೆಯಲ್ಲೇ ಇದ್ದಾನೆ, ಹಾಲಿನ ಹಸು ಕಟ್ಟಿದ್ದಾನೆ, ದನದ ವ್ಯಾಪಾರ ಅವನ ರಕ್ತದಲ್ಲಿದೆ. ನಮ್ಮ ಬಳಗದಲ್ಲಿ ಹಸುವಾಗಲಿ ಸ್ಕೂಟರಾಗಲಿ ಅವನಿಲ್ಲದೆ ಯಾರೂ ಕೊಳ್ಳುವುದಿಲ್ಲ. ಕಾರವಾರದ ಪುಟ್ಟ ದೋಣಿಯನ್ನೂ ಒಬ್ಬ ಮೀನುಗಾರರಿಂದ ಅವನೇ ವ್ಯಾಪಾರ ಕುದುರಿಸಿ ಕೊಡಿಸಿದ್ದ.

ನಮ್ಮ ಕಡೆ ಹಸು ಕೊಳ್ಳುವುದಕ್ಕೆ ಒಂದು ರೀತಿ ಇದೆ. ಹಸುವನ್ನು ಕಂಡ ತಕ್ಷಣ ಮೂಗು ಮುರಿಯಬೇಕು. ಕೆಚ್ಚಲು ಜೋತುಬಿದ್ದಿದೆ, ಕೊಂಬು ಸೊಟ್ಟ, ಸುಳಿ ಸರಿಯಿಲ್ಲ, ಇದು ಹಾಲು ಕೊಡುತ್ತದೋ ಒದೆ ಕೊಡುತ್ತದೋ ಅಂತ ನಾಲ್ಕು ಜನ ಕೇಳುವ ಹಾಗೆ ಬೈಯಬೇಕು. ಬೈದರೆ ಮಾರುವವನಿಗೆ ಖುಷಿ. ಇವನು ನಿಜವಾದ ಗಿರಾಕಿ ಅಂತ ಅವನಿಗೆ ಅರ್ಥವಾಗುತ್ತದೆ. ಹೊಗಳಿದರೆ ಮುಖ ಕಪ್ಪಿಡುತ್ತದೆ, ಯಾಕೆಂದರೆ ಹೊಗಳಿದ ಹಸು ಮಾರನೇ ದಿನ ಮೇವು ಬಿಡುತ್ತದೆ, ದೃಷ್ಟಿ ತಾಗುತ್ತದೆ. ನಾವು ಬೆಳೆದದ್ದೇ ಹಾಗೆ. ನನ್ನ ಮಗಳು ಹುಟ್ಟಿದಾಗ ಏನು ಕೋತಿಮರಿಯ ಹಾಗಿದೆ ಅಂತ ನಮ್ಮಮ್ಮ ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದಳು. ನಮ್ಮ ಮನೆಯವರು ಎಷ್ಟು ರುಚಿಯಾಗಿ ಮೀನುಸಾರು ಮಾಡಿದರೂ ತಿನ್ನಬಹುದು ಅನ್ನುವುದರ ಮೇಲೆ ನಾನು ಹೋಗಿದ್ದಿಲ್ಲ. ಕಾರವಾರದ ಮೀನುಗಾರರಿಗೂ ಈ ರೀತಿ ಅರ್ಥವಾಗಿತ್ತು. ಅಣ್ಣ ಬೈದಷ್ಟೂ ಅವರು ನಕ್ಕು, ಕೊನೆಗೆ ದೋಣಿಯನ್ನೂ ಕೊಟ್ಟು ಊಟಕ್ಕೂ ಇಕ್ಕಿ ಕಳಿಸಿದ್ದರು.

ಹೀಗೆ ನಾವು ಮೂವರೂ ಬಂಗಾರಪೇಟೆಯಲ್ಲಿ ರೈಲು ಹತ್ತಿ ಕೊಚ್ಚಿಗೆ ಹೋದೆವು. ಮುದುಕರು ಬಿಳಿ ಮುಂಡು ಉಟ್ಟು ಜೆಟ್ಟಿಯ ಮೇಲೆ ಕಾಯುತ್ತಿದ್ದರು. ಬಹಳ ಕಾಲ ಚೆನ್ನೈ ಬಂದರಿನಲ್ಲಿದ್ದವರಾದ್ದರಿಂದ ಚೆನ್ನಾಗಿ ತಮಿಳು ಮಾತಾಡುತ್ತಿದ್ದರು. ಕೆಜಿಎಫ್‌ನಲ್ಲಿ ಸಂಸಾರ ಮಾಡಿದ ನನಗೆ ತಮಿಳೇನು ಹೊಸದೇ? ದೋಣಿ ನೀರಿನ ಮೇಲೆ ಗಂಭೀರವಾಗಿ ನಿಂತಿತ್ತು. ಹಸಿರು ಒಡಲು, ತೇಗದ ಮರದ ಕಟಕಟೆ, ಎತ್ತರದ ಒಂಟಿ ಕಂಬ. ನೋಡಿದ ಕೂಡಲೇ ಬೇಕು ಅನ್ನಿಸಿತು.

ನಮ್ಮ ಮನೆಯವರು ಮೊದಲು ಕ್ಯಾಬಿನ್ನಿಗೆ ಇಳಿದರು. ಅಭ್ಯಾಸಬಲದಿಂದ ಬಗ್ಗಿಕೊಂಡೇ ಇಳಿದರು. ಬೆನ್ನಿಗೆ ಕೈಯಿಟ್ಟುಕೊಂಡು ಮೆಲ್ಲಗೆ ತಲೆ ಎತ್ತಿದರು. ಇನ್ನೂ ಎತ್ತಿದರು. ಎಲ್ಲೂ ತಾಗಲಿಲ್ಲ. ತಲೆಯ ಮೇಲೆ ಅಂಗೈ ಆಡಿಸಿ ನೋಡಿಕೊಂಡರು, ಅಂಗೈ ಹಿಡಿಯುವಷ್ಟು ಜಾಗ ಇನ್ನೂ ಇತ್ತು. ಆಗ ಅವರು ನನ್ನ ಕಡೆ ತಿರುಗಿದರು ನೋಡಿ, ಆ ಮುಖವನ್ನು ನಾನು ಎರಡು ವರ್ಷದಿಂದ ಕಂಡಿರಲಿಲ್ಲ. ನನಗೆ ಅಳು ಬರುವುದೊಂದು ಬಾಕಿ.

ಅಣ್ಣ ಹಿಂದಿನಿಂದ ಬಂದು ಕಿವಿಯಲ್ಲಿ ಪಿಸುಗುಟ್ಟಿದ: "ಮೊಕದಾಗೆ ಆಸೆ ಕಾಣಿಸ್ಬಾರ್ದು ಕಣಮ್ಮಿ. ಸುರು ಅಚ್ಕೋ." ನಾನು ಶುರು ಹಚ್ಚಿಕೊಂಡೆ. ದೋಣಿ ಎಷ್ಟು ಬೇಕಾಗಿತ್ತೋ ಅಷ್ಟು ಜೋರಾಗಿ ಬೈದೆ. ಇದೇನು ಬಣ್ಣ, ಪಾಚಿ ಹಿಡಿದ ತೊಟ್ಟಿಯ ಹಾಗೆ ಅಂದೆ. ಹೊಟ್ಟೆ ಜೋತುಬಿದ್ದಿದೆ, ಎಷ್ಟು ಸೂಲು ಆಗಿದೆಯಂತೆ ಅಂದ ಅಣ್ಣ, ಅದನ್ನೂ ನಾನು ತಮಿಳಿಗೆ ತಿರುಗಿಸಿ ಮುದುಕರಿಗೆ ಮುಟ್ಟಿಸಿದೆ. ಕಂಬ ವಾಲಿದೆ, ಹಾಯಿ ನೆಲ ಒರೆಸುವ ಬಟ್ಟೆ, ಇಂಜಿನ್ ಕೆಮ್ಮುತ್ತದೆ. ನಮ್ಮ ಮನೆಯವರು ಎರಡು ಸಲ ನನ್ನ ಸೆರಗು ಜಗ್ಗಿದರು. ವ್ಯಾಪಾರದ ಮಧ್ಯೆ ಗಂಡಸು ಸೆರಗು ಜಗ್ಗಿದರೆ ನಿಲ್ಲಿಸುವವಳಲ್ಲ ನಾನು. ಈ ಮುದಿ ಎಮ್ಮೆಯನ್ನು ಕಟ್ಟಿಕೊಂಡು ನಾವೇನು ಮಾಡುವುದು ಅಂತ ಮುಗಿಸಿ, ಮುದುಕರು ನಗಲಿ ಅಂತ ಕಾದೆ.

ಮುದುಕರು ನಗಲಿಲ್ಲ. ದೋಣಿಯನ್ನು ಮಾರುವ ಯೋಚನೆ ಬಿಟ್ಟಿದ್ದೇನೆ, ಬಿಸಿಲೇರುವ ಮುಂಚೆ ಹೊರಡಿ ಅಂದರು. ಕೈಹಿಡಿದು ಜೆಟ್ಟಿಗೆ ಹತ್ತಿಸಿದರು, ಅಷ್ಟು ಮರ್ಯಾದಸ್ಥರು. ಅಣ್ಣನಿಗೆ ಮಾತ್ರ ಖುಷಿಯೋ ಖುಷಿ. "ಓಗೋಣ ನಡಿ. ಟೀ ಅಂಗಡಿ ಮುಟ್ಟೋದ್ರೊಳ್ಗೆ ಕೂಗ್ತಾನೆ," ಅಂದ.

ಅದೂ ನಮ್ಮ ರೀತಿಯೇ. ಬೇಡ ಅಂತ ಎದ್ದು ಹೊರಟ ಗಿರಾಕಿಯನ್ನು ಮಾರುವವನು ಹಿಂದಿನಿಂದ ಕೂಗಬೇಕು. ಕೂಗಲಿ ಅಂತ ಗಿರಾಕಿ ಬಸುರಿ ಹೆಂಗಸಿನ ಹಾಗೆ ನಿಧಾನ ನಡೆಯಬೇಕು. ನಾವು ಮೂವರೂ ಹಾಗೇ ನಡೆದೆವು. ಅಣ್ಣ ಚಪ್ಪಲಿಯಲ್ಲಿ ಕಲ್ಲು ಸಿಕ್ಕಿದೆ ಅಂತ ನಿಂತು ಕೊಡವಿದ. ಟೀ ಅಂಗಡಿಯಲ್ಲಿ ಒಂದು ಟೀ ಆಯಿತು, ಎರಡಾಯಿತು, ಬಾಳೆಹಣ್ಣಿನ ಬಜ್ಜಿಯೂ ಆಯಿತು. ಯಾರೂ ಕೂಗಲಿಲ್ಲ. ತಿರುಗಿ ನೋಡಿದರೆ ಮುದುಕರು ದೋಣಿಯ ಮೇಲೆ ಕೂತು, ನಾವು ಮುಟ್ಟಿದ್ದ ಕಟಕಟೆಯನ್ನು ಬಟ್ಟೆಯಿಂದ ಒರೆಸುತ್ತಿದ್ದರು. ನಾನು ಬಜ್ಜಿಯನ್ನು ಎಲೆಯ ಮೇಲೆ ಹಾಗೇ ಬಿಟ್ಟೆ.

ರೈಲಿನಲ್ಲಿ ನಮ್ಮ ಮನೆಯವರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮೇಲಿನ ಬರ್ತಿಗೆ ತಲೆ ತಾಗಿಸಿಕೊಳ್ಳದ ಹಾಗೆ ಮುದುರಿ ಕೂತು ಕಿಟಕಿಯಾಚೆ ನೋಡುತ್ತಿದ್ದರು. ಬಂಗಾರಪೇಟೆಯಲ್ಲಿ ಇಳಿದು ಕೆಜಿಎಫ್ ಬಸ್ಸಿಗೆ ಕಾಯುವಾಗ ಮಾತ್ರ, ಹೋಗಲಿ ಬಿಡು, ಒಂದು ಸಲ ನಿಂತು ನೋಡಿದ್ದಾಯಿತಲ್ಲ ಅಂದರು. ಒಂದು ಸಲ ನಿಲ್ಲುವುದಕ್ಕೆ ನಾನು ಇಷ್ಟು ಊರು ಅಲೆದೆನಾ?

ಮುದುಕರಿಗೆ ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ದಯವಿಟ್ಟು ತೊಂದರೆ ಕೊಡಬೇಡಿ ಅಂತ ಇಟ್ಟರು. ಎಲ್ಲಿ ತಪ್ಪಿತು ಅಂತ ನನ್ನ ತಲೆಗೆ ಹೋಗಲೇ ಇಲ್ಲ. ಅಣ್ಣನನ್ನೇ ತರಾಟೆಗೆ ತೆಗೆದುಕೊಳ್ಳೋಣ ಅಂತ ಬಸ್ಸು ಹತ್ತಿ ಬೂದಿಕೋಟೆಗೆ ಹೋದೆ.

ನಾನು ಹೋದಾಗ ಅಲ್ಲಿ ವ್ಯಾಪಾರ ನಡೆದಿತ್ತು. ಪಕ್ಕದ ಹಳ್ಳಿಯ ಗಂಡ ಹೆಂಡತಿ ಅಣ್ಣನ ಕಪ್ಪು ಹಸುವನ್ನು ಕೇಳಲು ಬಂದಿದ್ದರು. ಗಂಡಸು ಹಸುವನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದ, ಅಣ್ಣ ಹಲ್ಲು ಕಿರಿಯುತ್ತಾ ಕೇಳುತ್ತಿದ್ದ. ಟವಲ್ಲಿನ ಕೆಳಗೆ ಕೈ ಸೇರಿಸಿ ಬೆರಳು ಹಿಡಿದು ಬೆಲೆ ಕುದುರಿಸಿದರು. ನಾನು ಬಾವಿಕಟ್ಟೆಯ ಮೇಲೆ ಕೂತು ಹೊಟ್ಟೆ ಉರಿಸಿಕೊಳ್ಳುತ್ತಾ ನೋಡುತ್ತಿದ್ದೆ. ಅಷ್ಟರಲ್ಲಿ ಆ ಹೆಂಡತಿ ಹಿತ್ತಲ ಕಡೆಗೆ ಬಂದು ಹಸುವನ್ನು ತಂದು ಕಟ್ಟುತ್ತಿದ್ದ ನಮ್ಮತ್ತಿಗೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತಳು. ಇದು ಏನು ತಿನ್ನುತ್ತದೆ, ಬೂಸಾಕ್ಕೆ ಬೆಲ್ಲ ಹಾಕಬೇಕಾ, ಯಾವ ಮಗ್ಗುಲಲ್ಲಿ ಕೂತರೆ ಹಾಲು ಬಿಡುತ್ತದೆ, ಗುಡುಗಿಗೆ ಹೆದರುತ್ತದಾ ಅಂತ ಒಂದೊಂದಾಗಿ ಕೇಳಿದಳು. ಅತ್ತಿಗೆ ಹಸುವಿನ ಕುತ್ತಿಗೆ ಸವರುತ್ತಾ ಎಲ್ಲವನ್ನೂ ಹೇಳಿದಳು, ಕೊನೆಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನನಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಹಸು ಕೊಳ್ಳುವುದರಲ್ಲಿ ಎರಡು ಭಾಗವಿದೆ. ಅಂಗಳದಲ್ಲಿ ಬೈಯುವುದು ಗಂಡಸರ ಭಾಗ, ಹಿತ್ತಲಲ್ಲಿ ವಿಚಾರಿಸುವುದು ಹೆಂಗಸರ ಭಾಗ. ಚಿಕ್ಕಂದಿನಿಂದ ಅಮ್ಮನ ಜೊತೆ ಹೋಗಿ ಎಷ್ಟು ಹಿತ್ತಲಲ್ಲಿ ಕೂತಿರಲಿಲ್ಲ ನಾನು! ಆದರೂ ಕೊಚ್ಚಿಯಲ್ಲಿ ಅಂಗಳದ ಕೆಲಸ ಮುಗಿಸಿ ಟೀ ಕುಡಿಯಲು ಹೋಗಿದ್ದೆ. ಆ ಮುದುಕರ ಹತ್ತಿರ, ಇವಳನ್ನು ಹೇಗೆ ನೋಡಿಕೊಂಡಿರಿ ಅಂತ ಯಾರೂ ಒಂದು ಮಾತು ಕೇಳಿರಲಿಲ್ಲ.

ಅಣ್ಣನ ಜೊತೆ ಜಗಳವನ್ನೂ ಆಡದೆ ವಾಪಸು ಬಂದೆ. ಬೂದಿಕೋಟೆಯಲ್ಲಿ ಅತ್ತಿಗೆಗೆ ಹುಷಾರಿಲ್ಲ ಅಂತ ಮನೆಯಲ್ಲಿ ಒಂದು ಸುಳ್ಳು ಬಿಟ್ಟು, ಒಬ್ಬಳೇ ಬಂಗಾರಪೇಟೆಗೆ ಹೋಗಿ ಕೊಚ್ಚಿಯ ರೈಲು ಹತ್ತಿದೆ. ಹೇಳಿದ್ದರೆ ನಮ್ಮ ಮನೆಯವರು ಬಿಡುತ್ತಿರಲಿಲ್ಲ. ಆ ಮುದುಕರ ಮುಖ ಇನ್ನೊಮ್ಮೆ ನೋಡಲಾರೆ ಅಂತ ಅವರು ಆಗಲೇ ಹೇಳಿಬಿಟ್ಟಿದ್ದರು.

ಮುದುಕರು ದೋಣಿಯ ಮೇಲೆ ಕೂತು ಹಗ್ಗ ಸುತ್ತುತ್ತಿದ್ದರು. ನನ್ನನ್ನು ಕಂಡು ಮುಖ ತಿರುಗಿಸಿದರು. ನಾನು ಜೆಟ್ಟಿಯ ಮೇಲೆ, ದೋಣಿಗೆ ಕೈಯೆಟುಕುವ ದೂರದಲ್ಲಿ, ನಮ್ಮ ಹಿತ್ತಲಲ್ಲಿ ಕೂರುವ ಹಾಗೇ ಕೂತೆ. ಕ್ಷಮೆ ಗಿಮೆ ಕೇಳಲು ಹೋಗಲಿಲ್ಲ. ಇವಳು ಯಾವ ಗಾಳಿಗೆ ಮೊಂಡು ಹಿಡಿಯುತ್ತಾಳೆ ಅಂತ ಕೇಳಿದೆ. ಅಲೆ ಪಕ್ಕದಿಂದ ಬಂದರೆ ಹೆದರುತ್ತಾಳಾ ಅಂದೆ. ಉಹೂಂ, ಸುಮ್ಮನೆ ಹಗ್ಗ ಸುತ್ತಿದರು. ಮಳೆಗಾಲದಲ್ಲಿ ಇವಳನ್ನು ಎಲ್ಲಿ ಕಟ್ಟುತ್ತಿದ್ದಿರಿ, ಹೊದಿಸಲು ಏನು ಹಾಕುತ್ತಿದ್ದಿರಿ ಅಂದೆ. ಆಗ ಅವರ ಕೈ ನಿಂತಿತು. ಮಳೆಗಾಲದಲ್ಲಿ ಇವಳಿಗೆ ಬಲಗಡೆಯ ಕಿಟಕಿಯಲ್ಲಿ ನೀರು ಜಿನುಗುತ್ತದೆ, ಮೇಣ ಹಚ್ಚಬೇಕು ಅಂತ ಬಾಯಿ ಬಿಟ್ಟರು.

ಒಮ್ಮೆ ಬಾಯಿ ಬಿಟ್ಟ ಮೇಲೆ ಮಧ್ಯಾಹ್ನ ಕಳೆದರೂ ಮುಚ್ಚಲಿಲ್ಲ. ವಾಯವ್ಯದ ಗಾಳಿಗೆ ಎಡಕ್ಕೆ ಜಗ್ಗುತ್ತಾಳೆ, ಆಗ ಚುಕ್ಕಾಣಿಯ ಜೊತೆ ಗುದ್ದಾಡದೆ ಹಾಯಿಯನ್ನು ಸ್ವಲ್ಪ ಸಡಿಲ ಬಿಟ್ಟರೆ ಸಾಕು. ಇಂಜಿನ್ ಬೆಳಿಗ್ಗೆ ಎರಡು ಸಲ ಕೆಮ್ಮಿಯೇ ಏಳುವುದು, ಅದು ರೋಗವಲ್ಲ, ಅಭ್ಯಾಸ. ಕೆಳಗೆ ಕರೆದು ತೋರಿಸಿದರು, ನನ್ನ ಕೈಯಲ್ಲೇ ಪಂಪು ತಿರುಗಿಸಿದರು, ತಾವೇ ಮಾಡಿದ ಮೀನು ಅನ್ನ ಬಡಿಸಿದರು. ಅವರ ಕಣ್ಣಿಗೆ ಈಗ ದೂರದ ದೀಪಗಳು ಕಾಣುವುದಿಲ್ಲವಂತೆ. ಒಂದು ಸಂಜೆ ಮೀನುಗಾರರ ದೋಣಿಗೆ ಇನ್ನೇನು ಡಿಕ್ಕಿ ಹೊಡೆಯಬೇಕಿತ್ತು, ಆವತ್ತೇ ಮಾರಲು ನಿರ್ಧರಿಸಿದರಂತೆ. ಅವರ ತಟ್ಟೆಗೆ ನಾನೇ ಇನ್ನೊಂದು ತುಂಡು ಮೀನು ಬಡಿಸಿದೆ.

ಕೈ ತೊಳೆದ ಮೇಲೆ ಅವರು ನೇರವಾಗಿ ಕೇಳಿದರು, ಇಷ್ಟೆಲ್ಲ ವಿಚಾರಿಸುವವಳು ಆವತ್ತು ಯಾಕೆ ಹಾಗೆ ಬೈದೆ ಅಂತ. ನಮ್ಮ ಕಡೆಯ ರೀತಿಯನ್ನು ಬಿಡಿಸಿ ಹೇಳಿದೆ. ಬೇಡವಾಗಿದ್ದರೆ ಸುಮ್ಮನೆ ನಮಸ್ಕಾರ ಹಾಕಿ ಹೋಗುತ್ತಿದ್ದೆವು, ಬೇಕಾಗಿದ್ದಕ್ಕೇ ಅಷ್ಟು ಬೈದದ್ದು ಅಂದೆ. ಅವರಿಗೆ ಇದೆಲ್ಲ ಹೊಸದು. ಪೇಟೆಯಲ್ಲಿ ಹುಟ್ಟಿ ಹಡಗಿನಲ್ಲಿ ಬೆಳೆದವರು, ಹಸುವಿನ ಬಾಲವನ್ನೂ ಹಿಡಿದವರಲ್ಲ. ಆಮೇಲೆ ಒಂದು ಷರತ್ತು ಹಾಕಿದರು. ನಿನ್ನ ಗಂಡನನ್ನು ಕರೆದುಕೊಂಡು ಬಾ, ಅವರೆದುರಿಗೆ, ನನ್ನೆದುರಿಗೆ, ಇವಳಲ್ಲಿ ಏನೇನು ಒಳ್ಳೆಯದಿದೆ ಅಂತ ಬಾಯಿ ಬಿಟ್ಟು ಹೇಳು, ಹೇಳಿದರೆ ಕೊಡುತ್ತೇನೆ ಅಂದರು.

ಕಡಲಿನಲ್ಲಿ ಬಿರುಗಾಳಿ ಎದುರಿಸು ಅಂದಿದ್ದರೆ ಆಗಲಿ ಅನ್ನುತ್ತಿದ್ದೆ. ಹೊಗಳು ಅಂದರೆ? ಬೇಕಾದದ್ದನ್ನು ಬಾಯಿ ತುಂಬ ಹೊಗಳಿ, ಅದಕ್ಕೆ ನನ್ನ ಕಣ್ಣೇ ತಾಗಿದರೆ?

ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ನಮ್ಮ ಮನೆಯವರು ಮೊದಲು ಸುಳ್ಳು ಹೇಳಿ ಹೋದದ್ದಕ್ಕೆ ಕೋಪ ಮಾಡಿಕೊಂಡರು, ಷರತ್ತು ಕೇಳಿ ನಗಲು ಶುರು ಮಾಡಿದರು. ನಕ್ಕು ನಕ್ಕು ಬೆನ್ನು ಹಿಡಿದುಕೊಂಡರು. ಜಗಲಿಯ ಮೇಲೆ ನಗು ಕೇಳಿ ಎದುರುಮನೆಯಾಕೆ ಹೊರಗೆ ಬಂದು ಇಣುಕಿದಳು. ಅಣ್ಣನಿಗೆ ಫೋನಿನಲ್ಲಿ ಹೇಳಿದರೆ ಅವನು ನಗಲಿಲ್ಲ. "ಬ್ಯಾಡ ಕಣಮ್ಮಿ, ಕಣ್ಣು ಬಿದ್ದೋಯ್ತದೆ. ನಾನೂ ಬತ್ತೀನಿ ತಡಿ," ಅಂದ. ಬಂಗಾರಪೇಟೆ ಸ್ಟೇಷನ್ನಿಗೆ ಅವನು ಬಂದದ್ದು ನಿಂಬೆಹಣ್ಣು, ಒಣಮೆಣಸಿನಕಾಯಿ, ಕರೀ ದಾರ, ಇಡೀ ಒಂದು ಬೂದುಗುಂಬಳ ಮತ್ತು ಸಂತೆಯಲ್ಲಿ ಕೊಂಡ ಹೊಸ ಹಗ್ಗದ ಸುರುಳಿಯ ಜೊತೆ. ಟಿಕೆಟ್ ನೋಡುವವರು ಕುಂಬಳಕಾಯಿಯನ್ನು ದಾಟಿಕೊಂಡು ಹೋಗಬೇಕಾಯಿತು.

ಈಗ ಆ ಬೆಳಿಗ್ಗೆ. ಕ್ಯಾಬಿನ್ನಿನೊಳಗೆ ಮುದುಕರು ಬೆಂಚಿನ ಮೇಲೆ ಕೂತರು. ಅಣ್ಣ ಮುಷ್ಟಿಯಲ್ಲಿ ನಿಂಬೆಹಣ್ಣು ಬಿಗಿಹಿಡಿದು ಮೆಟ್ಟಿಲ ಮೇಲೆ ಕಾವಲು ನಿಂತ. ನಮ್ಮ ಮನೆಯವರು ಸ್ಟವ್ವಿನ ಪಕ್ಕ ನಿಂತರು, ನೆಟ್ಟಗೆ. ನಾನು ನಡುವೆ ನಿಂತೆ.

ಬಣ್ಣ ಪರವಾಗಿಲ್ಲ ಅಂತ ತಮಿಳಿನಲ್ಲಿ ಶುರು ಮಾಡಿದೆ. ಅದು ಹೊಗಳಿಕೆಯಲ್ಲ ಅಂದರು ಮುದುಕರು. ಬಣ್ಣ ಚೆನ್ನಾಗಿದೆ ಅಂದೆ. ಮೆಟ್ಟಿಲಿನ ಕಡೆಯಿಂದ ಅಣ್ಣ ಥೂ ಥೂ ಅಂದದ್ದು ಕೇಳಿಸಿತು. ಕಂಬ ನೇರವಾಗಿದೆ ಅಂದೆ. ಹಾಯಿಯ ಹೊಲಿಗೆ ಗಟ್ಟಿ, ಕಟಕಟೆಯ ಮರ ಕೈಗೆ ಬೆಚ್ಚಗೆ ಹತ್ತುತ್ತದೆ, ಅಡುಗೆಯ ಜಾಗದಲ್ಲಿ ಪಾತ್ರೆ ಉರುಳದ ಹಾಗೆ ಅಂಚು ಕಟ್ಟಿದ್ದೀರಲ್ಲ, ಅದನ್ನು ಯೋಚಿಸಿದ ತಲೆ ದೊಡ್ಡದು ಅಂದೆ. ಹೇಳುತ್ತಾ ಹೇಳುತ್ತಾ ನಾಲಗೆಯ ಗಂಟು ಬಿಚ್ಚುತ್ತಾ ಬಂತು. ನಮ್ಮ ಮನೆಯವರ ಕಡೆ ಕಣ್ಣು ಹೋಯಿತು. ತಮಿಳಿನಲ್ಲಿದ್ದವಳು ಎಲ್ಲಿ ಕನ್ನಡಕ್ಕೆ ಹೊರಳಿದೆನೋ ನನಗೇ ಗೊತ್ತಾಗಲಿಲ್ಲ.

"ಈ ಮನುಷ್ಯ ಜೀವಮಾನ ಪೂರ್ತಿ ಬಗ್ಗಿ ಬಗ್ಗಿ ದುಡಿದವ್ರೆ. ಇವ್ರು ಎಷ್ಟು ಎತ್ರ ಅವ್ರೆ ಅನ್ನೋದನ್ನೇ ನಾನು ಮರ್ತೋಗಿದ್ದೆ. ಆವತ್ತು ಇಲ್ಲಿ ತಲೆ ಎತ್ತಿ ನಿಂತ್ಕಂಡ್ರಲ್ಲ, ಆಗ ಕಣ್ಣಾರೆ ಕಂಡೆ. ಇವ್ರಂಥ ಚೆಂದದ ಗಂಡಸನ್ನ ನಾನು ಎಲ್ಲೂ ನೋಡಿಲ್ಲ. ಇಷ್ಟು ವರ್ಷದಾಗೆ ಒಂದಿನಾನೂ ಏಳಿಲ್ಲ, ಯಾರ ಕಣ್ಣು ಬೀಳ್ತದೋ ಅಂತ ಎದ್ರಿಕೊಂಡೇ ಸತ್ತೆ. ಈ ದೋಣಿ ಇವ್ರನ್ನ ನಿಲ್ಲಿಸ್ತು. ಅದಕ್ಕಿಂತ ಒಳ್ಳೇದು ಇನ್ನೇನು ಏಳ್ಲಿ ನಾನು?"

ದೋಣಿ ಮೆಲ್ಲಗೆ ತೂಗುತ್ತಿತ್ತು. ಅಣ್ಣ ಈ ಸಲ ಥೂ ಅನ್ನುವುದನ್ನೂ ಮರೆತಿದ್ದ. ಮುದುಕರಿಗೆ ಕನ್ನಡ ತಿಳಿಯದು. ಏನಂದಳು ಅಂತ ನಮ್ಮ ಮನೆಯವರನ್ನು ಕೇಳಿದರು. ಇವರು ಸ್ಟವ್ವಿನ ಬಿರಡೆಯನ್ನು ಸುಮ್ಮಸುಮ್ಮನೆ ತಿರುಗಿಸಿದರು. ಕೊನೆಗೆ, ದೋಣಿ ಚೆನ್ನಾಗಿದೆ ಅನ್ನುತ್ತಾಳೆ ಅಂತ ತಮಿಳಿನಲ್ಲಿ ಹೇಳಿದರು.

ಮುದುಕರು ಇವರ ಮುಖ ನೋಡಿದರು, ನನ್ನ ಮುಖ ನೋಡಿದರು. ಅವರ ಮಂದಗಣ್ಣಿಗೂ ಕಾಣುವಷ್ಟು ಹತ್ತಿರ ನಿಂತಿದ್ದೆವು ನಾವು. ಎದ್ದು ಬಂದು ಬೀಗದ ಕೈಯನ್ನು ನನ್ನ ಅಂಗೈಗೆ ಹಾಕಿ ಮುಚ್ಚಿದರು.

ಬೆಲೆಯ ಮಾತಿಗೆ ಅಣ್ಣ ಟವಲ್ಲು ಹಾಸಿ ಕೈ ಚಾಚಿದ. ಮುದುಕರು ನಗುತ್ತಾ ಕೆಳಗೆ ಕೈ ತೂರಿಸಿದರು, ಬೆರಳಿನ ಭಾಷೆ ಬಾರದೆ ಕೈ ಕುಲುಕಿ ತೆಗೆದುಬಿಟ್ಟರು. ಮೊದಲು ಹೇಳಿದ್ದ ಬೆಲೆಗೇ, ಒಂದು ಪೈಸೆ ಚೌಕಾಸಿಯಿಲ್ಲದೆ ವ್ಯಾಪಾರ ಮುಗಿಯಿತು. ಅಣ್ಣನ ಜನ್ಮದಲ್ಲಿ ಹಾಗಾದದ್ದು ಅದೊಂದೇ. ಆಮೇಲೆ ಅವನು ಹೊಸ ಹಗ್ಗದಿಂದ ದೋಣಿಯನ್ನು ಜೆಟ್ಟಿಗೆ ಕಟ್ಟಿ, ಹಳೇ ಹಗ್ಗವನ್ನು ಬಿಚ್ಚಿ ಸುತ್ತಿ ಎರಡೂ ಕೈಯಲ್ಲಿ ಮುದುಕರಿಗೆ ಕೊಟ್ಟ. ನಮ್ಮಲ್ಲಿ ಹಸುವಿನ ಜೊತೆ ಹಗ್ಗ ಹೋಗುವುದಿಲ್ಲ, ಸಾಕಿದವರ ಮನೆಯಲ್ಲೇ ಉಳಿಯುತ್ತದೆ ಅಂತ ನಾನು ತಿಳಿಸಿ ಹೇಳಿದೆ. ಅವರು ಆ ಹಗ್ಗವನ್ನು ಎದೆಗೆ ಒತ್ತಿಕೊಂಡು ಮನೆಯ ಕಡೆ ನಡೆದರು.

ದಸರೆ ಕಳೆದು ಕಡಲು ಶಾಂತವಾದ ಮೇಲೆ ನಾವಿಬ್ಬರೂ ದೋಣಿಯಲ್ಲಿ ಕಾರವಾರಕ್ಕೆ ಹೊರಟೆವು. ಬೂದುಗುಂಬಳವನ್ನು ದೋಣಿಯ ಮೇಲೆ ಒಡೆಯಲು ನಾನು ಬಿಡಲಿಲ್ಲ, ಅಣ್ಣ ಜೆಟ್ಟಿಯ ಕಲ್ಲಿಗೇ ಒಡೆದ. ಮುದುಕರೂ ಬಂದು ನಿಂತಿದ್ದರು. ಇಂಜಿನ್ ಎರಡು ಸಲ ಕೆಮ್ಮಿ ಎದ್ದಿತು. ದಂಡೆಯ ಚೀನೀ ಮೀನುಬಲೆಗಳ ಸಾಲು ದಾಟಿ, ಬಂದರಿನ ಬಾಯಿ ದಾಟಿ, ದೊಡ್ಡ ನೀರಿಗೆ ಬಂದಾಗ ಹಾಯಿ ಬಿಚ್ಚಿದೆ. ಗಾಳಿ ತುಂಬಿಕೊಂಡು ಅದು ಪಟ್ ಅಂತ ಬಿಗಿದ ಸದ್ದಿಗೆ ನನಗೆ ಕೂಗಿಕೊಳ್ಳಬೇಕು ಅನ್ನಿಸಿತು, ಕೂಗಿಯೇಬಿಟ್ಟೆ. ವಾಯವ್ಯದ ಗಾಳಿ ಬಂದ ತಕ್ಷಣ ಎಡಕ್ಕೆ ಜಗ್ಗಿದಳು. ಹಾಯಿ ಸಡಿಲ ಬಿಟ್ಟೆ, ಸರಿಹೋದಳು. ಎಲಾ ಇವಳಾ ಅಂತ ಅವಳ ಬೆನ್ನು ತಟ್ಟಿದೆ.

ಗಾಳಿ ಒಂದೇ ಸಮನಾಗಿ ನಿಂತ ಮೇಲೆ ನಮ್ಮ ಮನೆಯವರು ಚುಕ್ಕಾಣಿಯನ್ನು ನನಗೆ ಕೊಟ್ಟು, ಟೀ ಮಾಡುತ್ತೇನೆ ಅಂತ ಕೆಳಗೆ ಇಳಿದರು. ಬಾಗಿಲಿನಿಂದ ನನಗೆ ಪೂರ್ತಿ ಕಾಣುತ್ತಿದ್ದರು. ಸ್ಟವ್ ಹಚ್ಚಿದರು, ಪಾತ್ರೆ ಇಟ್ಟರು, ಮೇಲಿನ ಗೂಡಿಗೆ ಕೈ ಚಾಚಿ ಸಕ್ಕರೆ ಡಬ್ಬಿ ತೆಗೆದರು. ಎಲ್ಲೂ ಬಗ್ಗಲಿಲ್ಲ. ಭುಜ ಅಗಲಿಸಿ, ಕಾಲು ಅಗಲ ಇಟ್ಟು, ತಲೆ ಎತ್ತಿ ನಿಂತು ಏನೋ ಗುನುಗುತ್ತಾ ಹಾಲು ಉಕ್ಕುವುದನ್ನು ಕಾಯುತ್ತಿದ್ದರು. ಕಣ್ಣು ಬಿದ್ದರೆ ಬೀಳಲಿ ಅಂತ ನಾನು ಕಣ್ತುಂಬ ನೋಡಿದೆ. ಆಮೇಲೆ ಮೇಲೆ ಬಂದು ಲೋಟ ಕೈಗಿತ್ತು, ಹೇಗಿದೆ ಅಂದರು. ಸಕ್ಕರೆ ವಿಪರೀತ ಆಗಿತ್ತು. ಬಹಳ ಚೆನ್ನಾಗಿದೆ ಕಣ್ರೀ ಅಂತ ಬಾಯಿ ಬಿಟ್ಟು ಹೇಳಿದೆ.